ಪಟ್ವಾರಿಯೇ ಕೊಂದದ್ದು

ಮೂವತ್ತು ದಾಟುವವರೆಗೆ ನಾನು ಟಾಕೀಸಿನಲ್ಲಿ ಒಂದು ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ. ಸಿನಿಮಾವನ್ನೇ ನೋಡಿರಲಿಲ್ಲ ಎಂದಲ್ಲ. ಗದ್ವಾಲಿಗೆ ಬಂದ ಸಿನಿಮಾಗಳಲ್ಲಿ ನಾನು ಬಿಟ್ಟದ್ದು ಬಹಳ ಕಡಿಮೆ. ಆದರೆ ಯಾವ ಸಿನಿಮಾದಲ್ಲೂ ಕೊನೆಯ ಅರ್ಧ ತಾಸು ನನ್ನ ಪಾಲಿಗೆ ಇರಲಿಲ್ಲ. ಹೀರೋ ಅಂಗಿಯ ತೋಳು ಮಡಚಿ ಗೋಡೌನಿನ ಕಡೆ ಹೊರಟನೆಂದರೆ, ನಾನು ಕತ್ತಲಲ್ಲಿ ಚಪ್ಪಲಿ ಹುಡುಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟೆ ಎಂದೇ ಲೆಕ್ಕ.

ಕಾರಣ ಬಸ್ಸು. ನಮ್ಮೂರು ತೆಲಂಗಾಣದ ಗಡಿಯಲ್ಲಿ, ಮಖ್ತಲ್‌ಗೂ ಜೂರಾಲ ಡ್ಯಾಮಿಗೂ ನಡುವೆ ಇದೆ. ಮಖ್ತಲ್‌ನಲ್ಲಿ ನಮ್ಮ ಪಾಲಿಗಿದ್ದ ಟಾಕೀಸು ಫಂಕ್ಷನ್ ಹಾಲ್ ಆಗಿ, ಪರದೆ ಇದ್ದ ಜಾಗದಲ್ಲಿ ಈಗ ಮದುಮಕ್ಕಳು ಕೂರುತ್ತಾರೆ. ಹಾಗಾಗಿ ಸಿನಿಮಾ ಎಂದರೆ ನಮಗೆ ಗದ್ವಾಲ್. ಮ್ಯಾಟ್ನಿ ಶುರುವಾಗುವ ಹೊತ್ತಿಗೆ ಒಂದು ಬಸ್ಸು ನಮ್ಮನ್ನು ಅಲ್ಲಿ ಇಳಿಸುತ್ತದೆ. ಮ್ಯಾಟ್ನಿ ಮುಗಿಯುವುದಕ್ಕೆ ಸ್ವಲ್ಪ ಮೊದಲು ಅದೇ ಬಸ್ಸು ಧರೂರಿನ ಮೇಲೆ ಹಾದು, ಡ್ಯಾಮು ದಾಟಿ ನಮ್ಮನ್ನು ಊರಿಗೆ ತರುತ್ತದೆ. ಅದಾದ ಮೇಲೆ ನಮ್ಮ ಕಡೆಗೆ ಬಸ್ಸಿಲ್ಲ.

ಬೈಕ್ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಇತ್ತು. ಆದರೆ ಬೈಕಿನಲ್ಲಿ ಇಬ್ಬರೇ ಹೋಗಬೇಕು, ಮಾತಾಡಿದರೆ ಬಾಯಿಗೆ ಹುಳ ಹೋಗುತ್ತದೆ. ನಮಗೆ ಸಿನಿಮಾ ಎಷ್ಟು ಮುಖ್ಯವೋ ಅದರ ಮೇಲಿನ ಮಾತು ಅದಕ್ಕಿಂತ ಹೆಚ್ಚು ಮುಖ್ಯ. ಮಾತಿಗೆ ಬಸ್ಸಿನ ಹಿಂದಿನ ಸೀಟಿನಂಥ ಜಾಗ ಇನ್ನೊಂದಿಲ್ಲ.

ಹೋಗುತ್ತಿದ್ದವರು ಮೂವರು: ನನ್ನ ಸೋದರಮಾವ, ನಮ್ಮೂರ ದರ್ಜಿ, ನಾನು. ನಾನು ಕನ್ನಡ ಶಾಲೆಯ ಮೇಷ್ಟ್ರು, ನನ್ನ ಬಗ್ಗೆ ಅಷ್ಟು ಸಾಕು. ಮಾವನ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಮಾವನದು ಕುರಿ ಸಾಕುವ ಮನೆ, ಬೀರಪ್ಪನ ಒಕ್ಕಲು. ಬೇಸಿಗೆ ಇರಲಿ ಮಳೆ ಇರಲಿ ಹೆಗಲ ಮೇಲೆ ಕರಿ ಕಂಬಳಿ ಇರಲೇಬೇಕು. ನಾನು ಇನ್ನೂ ಚಡ್ಡಿ ಹಾಕುತ್ತಿದ್ದಾಗಲೇ ನನ್ನ ಅಪ್ಪ ತೀರಿಹೋದ. ಆವತ್ತಿನಿಂದ ನನ್ನನ್ನು ಹೊತ್ತು, ಬೈದು, ಓದಿಸಿ ಮೇಷ್ಟ್ರು ಮಾಡಿದವನು ಮಾವ. ಮೊದಲ ಸಿನಿಮಾಕ್ಕೆ ಕರೆದುಕೊಂಡು ಹೋದವನೂ ಅವನೇ. ಅದರ ಕೊನೆ ಬರುವುದಕ್ಕೆ ಮುಂಚೆ ಕೈ ಹಿಡಿದು ಎಬ್ಬಿಸಿದವನೂ ಅವನೇ.

ನೋಡದೆ ಬಿಟ್ಟ ಭಾಗಕ್ಕೆ ನಾವು ಬಾಕಿ ಎನ್ನುತ್ತಿದ್ದೆವು. ಬಾಕಿಯನ್ನು ಬಸ್ಸಿನಲ್ಲೇ ತೀರಿಸಬೇಕು. ಅಂದರೆ ಆ ಸಿನಿಮಾ ಹೇಗೆ ಮುಗಿಯಬೇಕು ಎಂದು ನಾವೇ ತೀರ್ಮಾನಿಸಬೇಕು, ಮತ್ತು ಬಸ್ಸು ಡ್ಯಾಮು ದಾಟುವುದರೊಳಗೆ ಫೈಸಲಾ ಆಗಬೇಕು. ಡ್ಯಾಮಿನ ಈಚೆ ದಡಕ್ಕೆ ಬಂದಮೇಲೆ ಯಾರೂ ತಕರಾರು ಎತ್ತುವಂತಿಲ್ಲ.

ದರ್ಜಿಯ ಬಾಕಿಗಳೆಲ್ಲ ಮದುವೆಯಲ್ಲಿ ಮುಗಿಯುತ್ತಿದ್ದವು. ಮದುವೆಯಲ್ಲಿ ಹೀರೋಯಿನ್ನಿನ ರವಿಕೆಯ ಬೆನ್ನು ಎಷ್ಟು ಇಳಿದಿತ್ತು, ತೋಳಿಗೆ ಜರಿ ಪಟ್ಟಿ ಇತ್ತೋ ಇಲ್ಲವೋ ಎನ್ನುವಲ್ಲಿಗೆ ಬಂದು ನಿಲ್ಲುತ್ತಿದ್ದ. ನನ್ನ ಬಾಕಿಗಳಲ್ಲಿ ಯಾರಾದರೂ ಒಬ್ಬರು ಭಾಷಣ ಮಾಡುತ್ತಿದ್ದರು. ಆದರೆ ಫೈಸಲಾ ಮಾವನದು, ಮತ್ತು ಮಾವನ ಫೈಸಲಾ ಯಾವಾಗಲೂ ಒಂದೇ: ಕೊಂದವನು ಪಟ್ವಾರಿ.

ಪಟ್ವಾರಿ ಎಂದರೆ ನಿಜಾಮನ ಕಾಲದಿಂದ ಊರಿನ ಜಮೀನಿನ ಲೆಕ್ಕ ಬರೆಯುತ್ತಿದ್ದವನು. ಆ ಹುದ್ದೆ ಹೋಗಿ ಎಷ್ಟೋ ಕಾಲವಾಯಿತು. ಆದರೆ ಮಾವನ ತಾತನ ಕುರಿ ಮೇಯುವ ಹೊಲವನ್ನು ಒಬ್ಬ ಪಟ್ವಾರಿ ಇನ್ನಾರದೋ ಹೆಸರಿಗೆ ಬರೆದಿದ್ದನಂತೆ. ಆ ಸಿಟ್ಟು ನಮ್ಮ ಮನೆಯಲ್ಲಿ ಬೆಳ್ಳಿಯ ಕಡಗದ ಹಾಗೆ ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಸಿನಿಮಾ ಮುಂಬೈಯಲ್ಲಿ ನಡೆಯಲಿ, ಲಂಡನ್ನಿನಲ್ಲಿ ನಡೆಯಲಿ, ಕೊಂದವನು ಪಟ್ವಾರಿ. ಒಮ್ಮೆ ಆಕಾಶದಲ್ಲಿ ಹಾರುವ ಹಡಗಿನ ಸಿನಿಮಾ ಬಂದಿತ್ತು. ಅದರಲ್ಲಿ ಭೂಮಿಯೇ ಇರಲಿಲ್ಲ, ಇನ್ನು ಭೂಮಿಯ ಲೆಕ್ಕ ಬರೆಯುವವನು ಎಲ್ಲಿಂದ ಬರಬೇಕು? ಅದನ್ನೇ ಕೇಳಿದೆ.

"ಆ ಬಿಳಿ ಅಂಗಿಯವ ಇದ್ದನಲ್ಲ, ಗುಂಡಿ ಒತ್ತಾಂವ," ಎಂದ ಮಾವ. "ಅವನೇ ಪಟ್ವಾರಿ ಅಂತ ತಿಳ್ಕೋ."

ಬಿಳಿ ಅಂಗಿಯವನು ಇಲ್ಲದ ಸಿನಿಮಾವನ್ನು ಇನ್ನೂ ಯಾರೂ ತೆಗೆದಿಲ್ಲ, ಹಾಗಾಗಿ ಮಾವನಿಗೆ ಎಂದೂ ತೊಂದರೆಯಾಗಲಿಲ್ಲ.

ಆ ಬಸ್ಸಿನ ಕಂಡಕ್ಟರ್ ಒಬ್ಬ ಗಟ್ಟಿ ದನಿಯ ಹೆಂಗಸು. ಮುಂದಿನ ಟಿಕೆಟ್ಟೆಲ್ಲ ಸರಸರ ಹರಿದು ಹಿಂದಿನ ಸೀಟಿಗೆ ಬಂದು ನಿಲ್ಲುತ್ತಿದ್ದಳು. ಡ್ಯಾಮಿನ ಮೊದಲ ಗೇಟು ಕಂಡ ಕೂಡಲೇ, "ಹೂಂ, ಫೈಸಲಾ ಹೇಳ್ರಿ ಯಜಮಾನ್ರ, ನೀರು ಬಂತು," ಎಂದು ಅವಸರ ಮಾಡುತ್ತಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅಲ್ಲಿ ನ್ಯಾಯಾಧೀಶರ ಸಂಖ್ಯೆಯೂ ಹೆಚ್ಚಾಯಿತು. ಧರೂರಿನಲ್ಲಿ ಹತ್ತುವ ಹೆಂಗಸರು ಸಿನಿಮಾವನ್ನೇ ನೋಡಿರದಿದ್ದರೂ, ಆ ಅತ್ತೆಯ ಪಾತ್ರದವಳಿಗೆ ಏನು ಶಿಕ್ಷೆ ಆಗಬೇಕು ಎಂಬ ಬಗ್ಗೆ ಅವರಿಗೆ ಖಚಿತ ಅಭಿಪ್ರಾಯ ಇರುತ್ತಿತ್ತು.

ಫೋನಿನಲ್ಲಿ ಕೊನೆ ನೋಡಬಹುದಿತ್ತಲ್ಲ ಎನ್ನಬಹುದು. ತಿಂಗಳೊಪ್ಪತ್ತಿನಲ್ಲಿ ಎಲ್ಲ ಸಿನಿಮಾವೂ ಫೋನಿಗೆ ಬರುತ್ತದೆ, ನಿಜ. ಆದರೆ ಫೈಸಲಾ ಆದ ಕೇಸನ್ನು ಮತ್ತೆ ತೆರೆಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ದರ್ಜಿ ಒಮ್ಮೆ ಕದ್ದು ನೋಡಿ, ಹೀರೋ ಸತ್ತುಹೋಗುತ್ತಾನೆ ಎಂದು ಬಾಯಿಬಿಟ್ಟ. ಮಾವ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಫೋನಿನ್ಯಾಗ ಬರೋದು ಡುಪ್ಲಿಕೇಟ್ ಇರ್ತೈತಿ," ಎಂದ. ಅಲ್ಲಿಗೆ ಮುಗಿಯಿತು. ಊರ ಹೋಟೆಲಿನಲ್ಲಿ ಮಾವ ಹೇಳಿದ್ದೇ ಸಿನಿಮಾ. ನಮ್ಮೂರಿನ ಅರ್ಧ ಜನ ಈಗಲೂ, ತೆಲುಗು ಸಿನಿಮಾದವರು ಪಟ್ವಾರಿಗಳ ಮೇಲೆ ಯಾಕಿಷ್ಟು ಹಗೆ ಸಾಧಿಸುತ್ತಾರೆ ಎಂದು ಆಶ್ಚರ್ಯಪಡುತ್ತಾರೆ.

ಹೀಗಿರುವಾಗ ನನಗೆ ಗದ್ವಾಲಿನಿಂದ ಒಂದು ಸಂಬಂಧ ಬಂತು.

ಹುಡುಗಿ ಡಿಗ್ರಿ ಮುಗಿಸಿ ಬೆಳಿಗ್ಗೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ, ಮಧ್ಯಾಹ್ನ ಅಪ್ಪನ ವ್ಯಾಪಾರಕ್ಕೆ ಕೈಜೋಡಿಸುತ್ತಾಳೆ ಎಂದಷ್ಟೇ ಗೊತ್ತಿತ್ತು. ವ್ಯಾಪಾರ ಯಾವುದೆಂದು ಮಧ್ಯಸ್ಥರು ಹೇಳಿರಲಿಲ್ಲ. ಮಾವ, ದರ್ಜಿ ಮತ್ತು ನಾನು ಇಸ್ತ್ರಿ ಬಟ್ಟೆಯಲ್ಲಿ ಹೋದೆವು. ಮನೆ ಟಾಕೀಸಿನ ಬೆನ್ನಿಗೇ ಇತ್ತು. ಗೋಡೆಯ ಆಚೆಯಿಂದ ಯಾರೋ ಯಾರಿಗೋ ಹೊಡೆಯುವ ಸದ್ದು ಬರುತ್ತಿತ್ತು. ಮನೆಯವರು ಯಾರೂ ತಲೆ ಎತ್ತಲಿಲ್ಲ. ತಟ್ಟೆಯಲ್ಲಿ ಮಿರ್ಚಿ ಬಜ್ಜಿ ಬಂತು. ಒಂದು ಕಚ್ಚಿದ ಕೂಡಲೇ ನಾಲಿಗೆಗೆ ಗುರುತು ಸಿಕ್ಕಿತು. ಟಾಕೀಸಿನ ಕ್ಯಾಂಟೀನು ಇವರದೇ, ಇಷ್ಟು ವರ್ಷ ಇಂಟರ್‌ವಲ್ಲಿನಲ್ಲಿ ನಾವು ತಿಂದದ್ದು ಇವರ ಕೈಯ ಮಿರ್ಚಿಯೇ.

ಹುಡುಗಿ ಬಂದು ಕೂತಳು. ಹೇಳಿಬಿಡುತ್ತೇನೆ, ನನಗೆ ಅವಳು ಆ ಕ್ಷಣವೇ ಹಿಡಿಸಿದಳು. ಸೆರಗಿಗೆ ಕಡಲೆಹಿಟ್ಟಿನ ಒಂದು ಚುಕ್ಕಿ ಹತ್ತಿತ್ತು, ಅದನ್ನು ಅವಳು ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಏನಾದರೂ ಮಾತಾಡಿ ಎಂದರು ಹಿರಿಯರು. ಇಂಥ ಹೊತ್ತಿನಲ್ಲಿ ಏನು ಮಾತಾಡುವುದು? ಇತ್ತೀಚೆಗೆ ನೋಡಿದ ಸಿನಿಮಾದ ಮಾತು ತೆಗೆದೆ. ಗೋಡೆಯಾಚೆ ಆಗ ನಡೆಯುತ್ತಿದ್ದದ್ದೂ ಅದೇ ಸಿನಿಮಾ. ತಂದೆ ಬಾವಿಗೆ ಬಿದ್ದು ಸತ್ತ ಮೇಲೆ, ಒಬ್ಬ ಅಣ್ಣ ತನ್ನ ಎತ್ತು ಮಾರಿ, ಮದುವೆ ಬಿಟ್ಟು, ತಮ್ಮನನ್ನು, ಅಂದರೆ ಹೀರೋನನ್ನು, ಸಾಕುವ ಕಥೆ. ಹಿಂದಿನ ವಾರವಷ್ಟೇ ನಾವು ನೋಡಿ, ಪದ್ಧತಿಯಂತೆ ಎದ್ದು ಬಂದಿದ್ದೆವು.

"ಆ ಅಣ್ಣನ ಪಾತ್ರ ನನಗೆ ಬಹಳ ಹಿಡಿಸ್ತು," ಎಂದೆ. "ಅಂಥವರು ಮನೆಗೊಬ್ಬರು ಇರಬೇಕು."

ಹುಡುಗಿ ನನ್ನನ್ನು ಹಾವು ಮುಟ್ಟಿದವನನ್ನು ನೋಡುವಂತೆ ನೋಡಿದಳು. "ಯಾರು, ಆ ಕೊಲೆಗಾರಾ? ಅಪ್ಪನ್ನ ಬಾವ್ಯಾಗ ನೂಕಿದವ ಅಂವನೇ ಅಲ್ಲೇನ್ರೀ?"

ನನಗೆ ಮಿರ್ಚಿ ನೆತ್ತಿಗೇರಿತು. ನೀರು ಕುಡಿದು ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾವ ಕೂತಲ್ಲೇ ಕಂಬಳಿ ಸರಿಪಡಿಸಿಕೊಂಡ. ಅದು ಫೈಸಲಾ ಹೇಳುವುದಕ್ಕೆ ಮುಂಚೆ ಅವನು ಮಾಡುವ ಕೆಲಸ.

"ತಂಗೀ, ತಪ್ಪು ತಿಳಕೊಂಡಿ," ಎಂದ. "ಅಂವ ಮೇಕಿ ಕಾಲಿನ ಮುಳ್ಳು ತಗಿಯೋದು ನೋಡೀಯೇನು? ಕಾಲು ಎತ್ತಿ ಮೊಣಕಾಲಾಗ ಇಟ್ಟುಕೊಂಡು, ಮೊದಲು ಅದಕ್ಕ ಮಾತಾಡಿಸಿ, ಆಮ್ಯಾಲೆ ಮುಳ್ಳು ಹಿಡೀತಾನ. ಹಂಗ ಹಿಡಿಯೋ ಕೈ ಕೊಲಿ ಮಾಡೂದಿಲ್ಲ. ಕೊಂದಂವ ಪಟ್ವಾರಿ."

"ಯಾವ ಪಟ್ವಾರಿ?" ಎಂದರು ಹುಡುಗಿಯ ಅಪ್ಪ.

"ಬಿಳಿ ಅಂಗಿಯವ."

"ಅಂವ ಡಾಕ್ಟರ್ ಅಲ್ಲೇನ್ರೀ!"

"ನಿಮಗ ಹಂಗ ಕಂಡಿರಬೇಕು."

ಇಬ್ಬರು ಹಿರಿಯರೂ, ಲೋಕದಲ್ಲೇ ಇಲ್ಲದ ಮನುಷ್ಯನೊಬ್ಬನ ನಡತೆಯ ಮೇಲೆ ಜಗಳಕ್ಕೆ ನಿಂತರು. ಹುಡುಗಿಯ ಅಪ್ಪ ಎದ್ದು ನಿಂತು, ಕೊಲೆಗಾರನನ್ನು ದೇವರು ಎನ್ನುವ ಮನೆಗೆ ಮಗಳನ್ನು ಕೊಡುವುದು ಹೇಗೆ ಎಂದರು. ಸಾಕಿ ಬೆಳೆಸಿದವನನ್ನು ಕೊಲೆಗಾರ ಎನ್ನುವ ಮನೆಯಿಂದ ಹೆಣ್ಣು ತರುವುದು ಹೇಗೆ ಎಂದು ಮಾವನೂ ಎದ್ದ. ನಾನು ದರ್ಜಿಯ ಕಡೆ ನೋಡಿದೆ. ಅವನು ಹುಡುಗಿಯ ರವಿಕೆಯ ಹೊಲಿಗೆಯನ್ನು ಪರೀಕ್ಷಿಸುತ್ತಿದ್ದ.

ಮಾವ ಎದ್ದದ್ದೇ ತಪ್ಪಾಯಿತು. ಹೆಗಲ ಮೇಲಿನಿಂದ ಕಂಬಳಿ ಇಳಿಬಿದ್ದ ಆ ಆಕಾರವನ್ನು ನೋಡಿದ್ದೇ ಹುಡುಗಿಯ ಅಪ್ಪ ಬೆರಳು ಚಾಚಿ ಕೂಗಿದರು: "ಕಂಬಳಿ! ನೀವು ಆ ಕಂಬಳಿ ಅಲ್ಲೇನ್ರೀ? ಪ್ರತಿ ಪಿಚ್ಚರಿಗೂ ಫೈಟ್ ಶುರು ಆಗೋ ಹೊತ್ತಿಗೆ ಪಡದಾ ಮುಂದ ಹಾದು ಹೋಗೋ ಕಂಬಳಿ!"

ಹುಡುಗಿ ಬಾಯಿಗೆ ಸೆರಗು ಒತ್ತಿ ನಗತೊಡಗಿದಳು. ನಗು ನಿಲ್ಲಿಸಿಕೊಂಡು ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ.

"ನಮಗ ಪಿಚ್ಚರ್ ಶುರು ಆಗೋದೇ ಕಂಬಳಿ ಹೋದ ಮ್ಯಾಲೆ. ಅಲ್ಲೀತನಕ ಮಿರ್ಚಿ ಕರಿಯೂದು, ಭಾಂಡೆ ತೊಳಿಯೂದು. ಅಷ್ಟೊತ್ತಿಗೆ ಗೇಟಿನವ ಬಾಗಿಲು ತಗೀತಾನ, ಒಳಗ ಮೂರು ಸೀಟು ಖಾಲಿ ಆಗಿರ್ತಾವ. ಅಲ್ಲೇ ಕುಂಡ್ರತೀನಿ." ನನ್ನ ಕಡೆ ತಿರುಗಿ, "ಅಂಚಿನ ಸೀಟು ನಿಮ್ಮದೇನು? ಭಾಳ ಬೆಚ್ಚಗ ಇರ್ತಿತ್ತು," ಎಂದಳು.

ಇಷ್ಟು ವರ್ಷ ನಾನು ಎದ್ದು ಬಂದ ಸೀಟಿನಲ್ಲಿ ಅವಳು ಕೂತು, ನಾನು ಬಿಟ್ಟ ಅರ್ಧ ತಾಸನ್ನು ನೋಡುತ್ತಿದ್ದಳು. ನನಗೆ ಖುಷಿಯಿಂದ ಕಿವಿ ಬಿಸಿಯಾಯಿತು. ಹಿರಿಯರಿಗೆ ಬೇರೆ ಕಾರಣಕ್ಕೆ ಬಿಸಿಯಾಗಿತ್ತು.

"ಅಂದರ ನೀವು ಒಂದು ಪಿಚ್ಚರಿನ ಕೊನಿನೂ ನೋಡಿಲ್ಲ!" ಎಂದರು ಹುಡುಗಿಯ ಅಪ್ಪ.

"ನಿಮ್ಮ ಮಗಳು ಒಂದರ ಶುರುನೂ ನೋಡಿಲ್ಲಲ್ಲ!" ಎಂದ ಮಾವ. "ಮಂದಿ ಸಾಯೋ ಹೊತ್ತಿಗೆ ಹೋಗಿ ಕುಂತು, ಅಂವ ಕೆಟ್ಟವ ಇಂವ ಕೆಟ್ಟವ ಅಂದರ ಹ್ಯಾಂಗ?"

ಕೊನೆಗೆ ಒಂದು ಕರಾರಾಯಿತು. ಬರುವ ಭಾನುವಾರದ ಮ್ಯಾಟ್ನಿಗೆ ಎರಡೂ ಮನೆಯವರು ಮೊದಲಿಂದ ಕೊನೆಯವರೆಗೆ ಕೂತು ನೋಡಬೇಕು. ಅಣ್ಣ ಕೊಲೆಗಾರನೆಂದು ಪರದೆಯ ಮೇಲೆ ಕಂಡರೆ, ಮಾವ ಎಲ್ಲರೆದುರು ತನ್ನ ಬಾಯಿಂದ ಹಾಗೆಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ತಾಂಬೂಲ, ಇಲ್ಲದಿದ್ದರೆ ನಮಸ್ಕಾರ. ಮಾವ ಮೀಸೆ ತೀಡಿ ಆಗಲಿ ಎಂದ. ನನ್ನ ಮದುವೆ ಒಂದು ಮೇಕೆಯ ಕಾಲಿನ ಮುಳ್ಳಿನ ಮೇಲೆ ನಿಂತಿತು.

ಆ ವಾರ ನಾನು ಹೇಗೆ ಪಾಠ ಮಾಡಿದೆನೋ ಮಕ್ಕಳಿಗೇ ಗೊತ್ತು. ಮಾವನ ಹತ್ತಿರ ಹೋಗಿ ಮೆಲ್ಲಗೆ, "ಒಂದು ಮಾತು ಒಪ್ಪಿಕೊಂಡರ ಏನು ಹೋಗ್ತೈತಿ ಮಾವಾ, ಅದು ಬರೀ ಸಿನಿಮಾ," ಎಂದೆ. ಮಾವ ಕುರಿಗೆ ಸೊಪ್ಪು ಹಾಕುತ್ತಿದ್ದವನು ತಿರುಗಿ ನೋಡಲಿಲ್ಲ. "ಸಾಕಿದಾಂವ ಕೊಲ್ಲೂದಿಲ್ಲೋ," ಎಂದಷ್ಟೇ ಹೇಳಿದ. ಆಗ ಅದು ಹಟ ಎಂದುಕೊಂಡೆ, ಸಿಟ್ಟೂ ಬಂತು.

ಭಾನುವಾರ ನಾವು ಹೋಗುವ ಬಸ್ಸಿನಲ್ಲಿ ಕಂಡಕ್ಟರಮ್ಮನಿಗೆ ವಿಷಯ ತಿಳಿಯಿತು. ತಿಳಿಸಿದವನು ದರ್ಜಿ. ಅವಳಿಂದ ಡ್ರೈವರನಿಗೆ, ಡ್ರೈವರನಿಂದ ಧರೂರಿನ ಸ್ಟಾಪಿಗೆ.

ಟಾಕೀಸಿನಲ್ಲಿ ನಮ್ಮ ಹಳೆಯ ಸಾಲಿನಲ್ಲೇ ಕೂತೆವು. ಅಂಚಿನಲ್ಲಿ ನಾನು, ನಂತರ ಮಾವ, ಹುಡುಗಿಯ ಅಪ್ಪ, ಹುಡುಗಿ, ಕೊನೆಗೆ ದರ್ಜಿ. ಕ್ಯಾಂಟೀನನ್ನು ಹುಡುಗಿಯ ತಾಯಿಯೊಬ್ಬಳೇ ನೋಡಿಕೊಳ್ಳಬೇಕಾಗಿ ಬಂದು, ಆ ದಿನದ ಮಿರ್ಚಿ ಅರ್ಧ ಸೀದು ಅರ್ಧ ಹಸಿ ಇದ್ದವು. ಸೀದದ್ದನ್ನು ಯಾರೂ ಗಮನಿಸಲಿಲ್ಲ. ಪರದೆಯ ಮೇಲೆ ಹೆಸರುಗಳು ಬಂದಾಗಲೇ ಹುಡುಗಿ ಕುತ್ತಿಗೆ ಚಾಚಿದಳು. "ಶುರುವಿನ್ಯಾಗ ಹಾಡು ಬ್ಯಾರೆ ಇರ್ತೈತೇನು!" ಎಂದು ಅವಳು ಅಪ್ಪನಿಗೆ ಹೇಳಿದ್ದು ನನ್ನವರೆಗೆ ಕೇಳಿಸಿತು. ಅಣ್ಣ ತಮ್ಮನಿಗೆ ರೊಟ್ಟಿ ಮುರಿದು ತಿನ್ನಿಸಿದ. ತಾನು ಖಾಲಿ ತಟ್ಟೆಯ ಮುಂದೆ ಕೂತು, ಉಂಡಾಯಿತು ಎಂದ. ಸ್ಕೂಲಿಗೆ ಸೇರಿದ ದಿನ ತಮ್ಮನಿಗೆ ಒಂದು ಕರಿ ಮೇಕೆ ಮರಿ ತಂದುಕೊಟ್ಟ. ಹುಡುಗಿ ಅಯ್ಯೋ ಎಂದಳು.

"ಏನವ್ವಾ?" ಎಂದರು ಅವಳ ಅಪ್ಪ.

"ಆ ಮೇಕಿ ಇಂವ ಕೊಟ್ಟದ್ದೇನು? ಕೊನಿಗೆ ಹೀರೋ ಸುಮ್ಮ ಒಂದು ಮೇಕಿ ಹಿಡಕೊಂಡು ಅಳ್ತಾನ, ಏನು ಹುಚ್ಚಪ್ಪ ಅನಕೊಂಡಿದ್ದೆ."

ಮುಳ್ಳಿನ ದೃಶ್ಯ ಬಂತು. ಮಾವ ಹುಡುಗಿಯ ಅಪ್ಪನ ಪಕ್ಕೆಗೆ ತಿವಿದು, "ನೋಡ್ರಿ, ನೋಡ್ರಿ, ಹಿಡಿದದ್ದು ನೋಡ್ರಿ," ಎಂದ. ಅವರು ಕೈಕಟ್ಟಿ ಕೂತಿದ್ದರು. ನಾನು ನೋಡಿದ್ದು ಅವಳ ಮುಖವನ್ನು. ಪರದೆಯ ಬೆಳಕಿನಲ್ಲಿ ಅದು ಮಗುವಿನ ಮುಖದಂತಿತ್ತು.

ಇಂಟರ್‌ವಲ್ ಆಯಿತು, ಮತ್ತೆ ಶುರುವಾಯಿತು, ಹೀರೋ ಅಂಗಿಯ ತೋಳು ಮಡಚಿದ. ಆ ಕ್ಷಣವೇ ದರ್ಜಿ ಎದ್ದು ಹೊರಟುಬಿಟ್ಟ. ಬಾಗಿಲಿನವರೆಗೆ ಹೋದ ಮೇಲೆ ಇವತ್ತು ಹೋಗುವಂತಿಲ್ಲ ಎಂದು ನೆನಪಾಗಿ ತಿರುಗಿ ಬಂದ. ಮಾವನ ಮೊಣಕಾಲುಗಳೂ ತಾವಾಗಿ ಏಳುತ್ತಿದ್ದವು. ಅವನು ಎರಡೂ ಕೈಯಿಂದ ಸೀಟಿನ ಹಿಡಿ ಗಟ್ಟಿಯಾಗಿ ಹಿಡಿದು ಕೂತ. ಹೊರಗೆ ಬಸ್‌ಸ್ಟ್ಯಾಂಡಿನಿಂದ ನಮ್ಮ ಬಸ್ಸಿನ ಹಾರ್ನು ಕೇಳಿಸಿತು. ಮಾವ ಅರ್ಧ ಎದ್ದ, ಕೂತ. ಮತ್ತೆ ಹಾರ್ನು. ಮತ್ತೆ ಅರ್ಧ ಎದ್ದ. ಹಿಂದಿನ ಸಾಲಿನವರು, "ಯಜಮಾನ್ರ, ಕುಂಡ್ರತೀರೋ ಹೋಗತೀರೋ ಒಂದು ಮಾಡ್ರಿ," ಎಂದರು.

ಕೊನೆಯ ಭಾಗಕ್ಕೆ ಬಾಗಿಲು ತೆರೆದಿದ್ದರಿಂದ ಕಂಡಕ್ಟರಮ್ಮ ಯಾರ ಅಡ್ಡಿಯೂ ಇಲ್ಲದೆ ಒಳಗೆ ಬಂದಳು. ಫೋನಿನ ಬೆಳಕು ಹಾಕಿ ನಮ್ಮ ಸಾಲು ಹುಡುಕಿ, "ಏನ್ರೀ, ಬರೂದಿಲ್ಲೇನು? ಹೊತ್ತಾತು," ಎಂದಳು.

"ಕೇಸ್ ನಡದೈತವ್ವಾ," ಎಂದ ಮಾವ, ಪರದೆಯಿಂದ ಕಣ್ಣು ತೆಗೆಯದೆ.

"ಇನ್ನೂ ಮುಗಿದಿಲ್ಲೇನು?" ಎಂದವಳು ಗೋಡೆಗೆ ಒರಗಿ ನಿಂತಳು. ಅವಳನ್ನು ಕರೆಯಲು ಬಂದ ಡ್ರೈವರ್ ಅವಳ ಪಕ್ಕ ನಿಂತ. ಡ್ರೈವರನ್ನು ಹುಡುಕಿಕೊಂಡು ಪ್ಯಾಸೆಂಜರುಗಳು ಬಂದರು. ಒಬ್ಬಾಕೆ ಸೊಪ್ಪಿನ ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಇವರೆಲ್ಲ ಮಾವನ ಫೈಸಲಾ ಕೇಳಿಕೊಂಡು ಬೆಳೆದ ಜನ, ಒಂದು ಕೊನೆಯನ್ನೂ ಕಣ್ಣಾರೆ ನೋಡಿದವರಲ್ಲ. ಆ ದಿನ ಬಸ್ಸು ತಡವಾದದ್ದಕ್ಕೆ ಟೈರು ಕಾರಣ ಎಂದು ಆಮೇಲೆ ಎಲ್ಲರೂ ಒಪ್ಪಿಕೊಂಡೆವು.

ಪರದೆಯ ಮೇಲೆ ಅಣ್ಣನೇ ಕೊಲೆಗಾರನೆಂದು ಬಯಲಾಯಿತು. ಹೊಲದ ಆಸೆಗೆ ಅಪ್ಪನನ್ನು ಬಾವಿಗೆ ನೂಕಿದ್ದನ್ನು ಅವನೇ ಬಾಯಿಬಿಟ್ಟ, ಗಹಗಹಿಸಿ ನಕ್ಕ, ಕಾಲು ಜಾರಿ ಅದೇ ಬಾವಿಗೆ ಬಿದ್ದ. ಕೊನೆಯ ಭಾಗಕ್ಕೆಂದೇ ಬಂದಿದ್ದ ಊರ ಹುಡುಗರು ಸಿಳ್ಳೆ ಹಾಕಿದರು. ಅಲ್ಲಿಯವರೆಗೆ ಪ್ರತಿ ದಿನ ಅವರ ಜೊತೆ ಚಪ್ಪಾಳೆ ಹೊಡೆದಿದ್ದ ಹುಡುಗಿಯ ಕೈ ಮೇಲೇಳಲಿಲ್ಲ. ಹೀರೋ ಕರಿ ಮೇಕೆಯನ್ನು ತಬ್ಬಿಕೊಂಡು ಅಳುತ್ತಿದ್ದ. ಅವಳೂ ಅಳುತ್ತಿದ್ದಳು.

ನಾನು ಮಾವನ ಕಡೆ ನೋಡಿದೆ. ಅವನು ಕಂಬಳಿಯ ಅಂಚನ್ನು ಬಾಯಿಗೆ ಒತ್ತಿ ಹಿಡಿದಿದ್ದ. ನನಗೆ ಆಗ ತಿಳಿಯಿತು, ಅದು ಹಟ ಅಲ್ಲ. ಅಪ್ಪನಿಲ್ಲದ ಹುಡುಗನನ್ನು ಸಾಕಿದ ಒಬ್ಬ ಮನುಷ್ಯನನ್ನು ಪರದೆಯ ಮೇಲೆ ಕೊಲೆಗಾರ ಮಾಡಿದ್ದರು. ಮಾವನಿಗೆ ತನ್ನ ಇಡೀ ಜೀವನವನ್ನೇ ಯಾರೋ ತಪ್ಪಾಗಿ ಬರೆದಂತೆ ಆಗಿತ್ತು. ನನಗೆ ಬಹಳ ದುಃಖವಾಯಿತು. ಮದುವೆ ಬೇಡ, ಎದ್ದು ಹೋಗೋಣ ನಡೆ ಎನ್ನಬೇಕೆನಿಸಿತು.

ಲೈಟು ಹತ್ತಿತು. ಮಾವ ಎದ್ದು ನಿಂತ. ಕಂಬಳಿ ಸರಿಪಡಿಸಿಕೊಂಡ. ಬಸ್ಸಿನವರೆಲ್ಲ ಅವನ ಕಡೆ ತಿರುಗಿದರು.

"ಇದು ಸುಳ್ಳೈತಿ," ಎಂದ. "ಸ್ವಂತ ಎತ್ತು ಮಾರಿದವ. ಉಪವಾಸ ಇದ್ದು ಉಣಿಸಿದವ. ಅಂವ ಯಾಕ ಕೊಲ್ತಾನ? ಅಂವ ಕೊಂದಿಲ್ಲ."

"ಮತ್ತ ಯಾರ್ರೀ?" ಎಂದಳು ಕಂಡಕ್ಟರಮ್ಮ ಗೋಡೆಯ ಬಳಿಯಿಂದ, ಅಭ್ಯಾಸಬಲದಿಂದ.

"ಪಟ್ವಾರಿ!" ಎಂದಿತು ಇಡೀ ಬಸ್ಸು ಒಂದೇ ಬಾಯಲ್ಲಿ. ಸೊಪ್ಪಿನವಳ ದನಿ ಎಲ್ಲಕ್ಕಿಂತ ಮೇಲಿತ್ತು.

ಹುಡುಗಿಯ ಅಪ್ಪನಿಗೆ ಒಂದು ಕ್ಷಣ ಇದೇನು ಊರೋ ಜಾತ್ರೆಯೋ ಎಂದು ತಿಳಿಯಲಿಲ್ಲ. ಆದರೆ ಅವರು ಕರಾರು ಬಿಡುವವರಲ್ಲ. "ಅದೆಲ್ಲಾ ಇರಲಿ ಯಜಮಾನ್ರ. ಕಣ್ಣಿಲೆ ಕಂಡೀರಿ. ಮಾತು ಕೊಟ್ಟೀರಿ. ಅಣ್ಣನೇ ಕೊಲೆಗಾರ ಅಂತ ಬಾಯಿಲೆ ಅನ್ರಿ, ತಾಂಬೂಲ ಇಲ್ಲೇ ತರಸ್ತೀನಿ."

ಮಾವ ನನ್ನನ್ನು ನೋಡಿದ. ನಾನು ಬೇಡ ಎಂದು ತಲೆಯಾಡಿಸಿದೆ. ಅವನು ಅದನ್ನು ನೋಡದವನಂತೆ ಮಾಡಿ, ಹುಡುಗಿಯ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡ. ನನಗಾಗಿ ಅವನು ಎತ್ತು ಮಾರಲು ಹೊರಟಿದ್ದ.

"ಆತು," ಎಂದ. "ಅಣ್ಣನೇ..."

"ಬ್ಯಾಡ್ರಿ ಮಾವಾ."

ಹುಡುಗಿ ಎದ್ದು ನಿಂತಿದ್ದಳು. ಮೂಗು ಕೆಂಪಾಗಿತ್ತು. ಅಲ್ಲಿಯವರೆಗೆ ಅವಳು ಅವನನ್ನು ಏನೆಂದೂ ಕರೆದಿರಲಿಲ್ಲ. "ಆ ಮಾತು ನಿಮ್ಮ ಬಾಯಾಗ ಬರೂದು ಬ್ಯಾಡ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, ಟ್ಯೂಷನ್ ಹುಡುಗರಿಗೆ ಮಗ್ಗಿ ಹೇಳಿಕೊಡುವಷ್ಟು ಸ್ಪಷ್ಟವಾಗಿ ಹೇಳಿದಳು: "ಪಟ್ವಾರಿನೇ ಕೊಂದದ್ದು, ಅಪ್ಪಾ."

"ಯಾವ ಪಟ್ವಾರಿ ಅವ್ವಾ?" ಎಂದರು ಅವರು ಸೋತ ದನಿಯಲ್ಲಿ.

"ಬಿಳಿ ಅಂಗಿಯವ."

ಅವಳ ಅಪ್ಪ ಕೆಳಗೆ ಕೂತುಬಿಟ್ಟರು. ಕಂಡಕ್ಟರಮ್ಮ ಸೀಟಿ ಊದಿದಳು. ನಮ್ಮ ಕಡೆಯ ಮಂದಿ ಸಂಬಂಧ ಕೂಡಿಬಂದ ಗುರುತಿಗೆ ಆ ಸದ್ದನ್ನು ಇವತ್ತಿಗೂ ನೆನೆಯುತ್ತಾರೆ. ತಾಂಬೂಲದ ಬದಲು ಸೀದ ಮಿರ್ಚಿ ಹಂಚಲಾಯಿತು, ಡ್ರೈವರನಿಗೂ ಸೇರಿ. ಮದುವೆ ಮಖ್ತಲ್‌ನ ಅದೇ ಫಂಕ್ಷನ್ ಹಾಲ್‌ನಲ್ಲಿ, ಪರದೆ ಇದ್ದ ಜಾಗದಲ್ಲೇ ಆಯಿತು. ದರ್ಜಿ ರವಿಕೆಗೆ ಜರಿ ಪಟ್ಟಿ ಇಟ್ಟಿದ್ದ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಮಾವ ಎದ್ದು ನಮ್ಮ ಮುಂದೆ ಕಂಬಳಿ ಹಾಯಿಸಿಕೊಂಡು ಹೋದ. ಹಿಂದೆ ಕೂತವರು ಬೈದರು.

ಈಗ ನಾವು ನಾಲ್ವರು ಹೋಗುತ್ತೇವೆ. ಗದ್ವಾಲಿನಲ್ಲಿ ಹೆಂಡತಿಯ ತವರುಮನೆ ಇದೆ, ಬೇಕಾದರೆ ಉಳಿದು ಪೂರ್ತಿ ಸಿನಿಮಾ ನೋಡಬಹುದು. ಮೊದಲ ಸಲ ಹೋದಾಗ ನಾನು ಹಾಗೆಂದೇ ಆರಾಮಾಗಿ ಕಾಲು ಚಾಚಿ ಕೂತಿದ್ದೆ. ಹೀರೋ ತೋಳು ಮಡಚಿದ ಕೂಡಲೇ ಹೆಂಡತಿ ಎದ್ದು ನನ್ನ ಭುಜ ಅಲುಗಿಸಿದಳು.

"ಏಳ್ರಿ, ಬಸ್ಸಿಗೆ ಹೊತ್ತಾತು."

"ಕೊನೆ ನೋಡೂದಿಲ್ಲೇನು?" ಎಂದೆ.

"ಅವರ ಕೊನಿ ಭಾಳ ನೋಡೀನಿ," ಎಂದಳು. "ಮಾವ ಆಗಲೇ ಹೊರಗ ಹೋದರು, ನಡೀರಿ."

ನಾನು ಚಪ್ಪಲಿ ಹುಡುಕಿಕೊಂಡು ಅವಳ ಹಿಂದೆ ಹೊರಟೆ.